ಗ್ಯಾಬರೋನ್‌ಗೆ ಹೊರಟಿರುವ ಗೆಳೆಯರಿಗೆ

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಲ್ಲಿ ಅಕೌಂಟ್ಸ್ ಕೆಲಸ, ಆಫ್ರಿಕಾದ ಬೋಟ್ಸ್ವಾನಾ ದೇಶದ ರಾಜಧಾನಿ ಗ್ಯಾಬರೋನ್‌ನಿಂದ ಎರಡು ವರ್ಷದ ಕಾಂಟ್ರಾಕ್ಟ್ ಬಂದಿದೆ, ಮನೆಯಲ್ಲಿ ಹೆಂಡತಿ ಮತ್ತು ಆರು ವರ್ಷದ ಮಗಳು. "ಸುಡುವ ಮರುಭೂಮಿಯಂತೆ, ಸುತ್ತ ಸಮುದ್ರವೂ ಇಲ್ಲವಂತೆ, ಸಂಸಾರ ಕಟ್ಟಿಕೊಂಡು ಅಲ್ಲಿ ಬದುಕೋಕೆ ಆಗುತ್ತಾ?" ಎಂದು ಕೇಳಿದ್ದೀರಿ. ನಾನು ಗದಗಿನ ಕಡೆಯವನು. 2007ರಲ್ಲಿ ಗಣಿತ ಮೇಷ್ಟ್ರಾಗಿ ಬಂದೆ. ನನ್ನ ಇಬ್ಬರು ಮಕ್ಕಳೂ ಇಲ್ಲೇ ಬೆಳೆದರು. ಆಗುತ್ತೆ, ಚೆನ್ನಾಗಿಯೇ ಆಗುತ್ತೆ. ಆದರೆ ನೀವು ಹೆದರಿರುವ ವಿಷಯ ಬೇರೆ, ಇಲ್ಲಿ ನಿಜವಾಗಿ ಒಗ್ಗಿಕೊಳ್ಳಬೇಕಾದದ್ದು ಬೇರೆ.

ದೇಶದ ಸುಮಾರು ಶೇ 70ರಷ್ಟು ಭಾಗ ಕಲಹಾರಿ ಮರುಭೂಮಿ, ಅದು ನಿಜ. ಆದರೆ ಮರುಭೂಮಿ ಅಂದ ಕೂಡಲೇ ಕಣ್ಣ ಮುಂದೆ ಬರುವ ಮರಳ ದಿಬ್ಬ, ಒಂಟೆಗಳನ್ನು ಬಿಟ್ಟುಬಿಡಿ. ಇಲ್ಲಿ ಮರಳ ಮೇಲೆ ಹುಲ್ಲು ಬೆಳೆಯುತ್ತೆ, ಎಲ್ಲಿ ನೋಡಿದರೂ ಮುಳ್ಳು ಜಾಲಿಯ ಕುರುಚಲು ಕಾಡು. ಗ್ಯಾಬರೋನ್ ಇರುವುದು ಸುಮಾರು 1000 ಮೀಟರ್ ಎತ್ತರದಲ್ಲಿ, ನಮ್ಮ ಬೆಂಗಳೂರಿಗಿಂತ ಸ್ವಲ್ಪ ಜಾಸ್ತಿಯೇ. ಅಕ್ಟೋಬರಿನಿಂದ ಜನವರಿವರೆಗೆ ಬಿಸಿಲು ಜೋರು, ಕೆಲವು ದಿನ 40 ಡಿಗ್ರಿ ದಾಟುತ್ತೆ. ಆದರೆ ಅದು ಒಣ ಬಿಸಿಲು. ನೆರಳಿಗೆ ಬಂದರೆ ಮೈ ತಣಿಯುತ್ತೆ. ದಾವಣಗೆರೆಯ ಏಪ್ರಿಲ್ ಕಂಡವರಿಗೆ ಇದು ಹೊಸದಲ್ಲ. ಹೊಸದು ಚಳಿ. ಜೂನ್, ಜುಲೈ ರಾತ್ರಿಗಳಲ್ಲಿ ನಾಲ್ಕೈದು ಡಿಗ್ರಿ, ಒಮ್ಮೊಮ್ಮೆ ಸೊನ್ನೆಗಿಂತ ಕೆಳಗೆ. ಮನೆಗಳನ್ನು ಬಿಸಿಲಿಗೆ ಕಟ್ಟಿರುತ್ತಾರೆ, ಚಳಿಗಲ್ಲ. ಮಗುವಿಗೆ ಒಳ್ಳೆಯ ಸ್ವೆಟರ್ ತನ್ನಿ.

ಬಿಸಿಲಿಗಿಂತ ಕಷ್ಟ ಇಲ್ಲಿನ ಖಾಲಿತನ. ಮೂರು ಕರ್ನಾಟಕದಷ್ಟು ದೊಡ್ಡ ದೇಶ. 2022ರ ಜನಗಣತಿಯಲ್ಲಿ ಜನ ಸುಮಾರು 23.6 ಲಕ್ಷ. ಬೆಂಗಳೂರಿನ ಕಾಲು ಪಾಲೂ ಇಲ್ಲ. ಸಂಜೆಯಾದರೆ ಬೀದಿ ಮೌನ. ಶುಕ್ರವಾರ ಸಂಜೆ ಗ್ಯಾಬರೋನ್‌ನಿಂದ ಹೊರಹೋಗುವ ರಸ್ತೆಗಳೆಲ್ಲ ತುಂಬಿರುತ್ತವೆ, ಏಕೆಂದರೆ ಇಲ್ಲಿ ಯಾರೂ ರಾಜಧಾನಿಯನ್ನು ತಮ್ಮೂರು ಅನ್ನುವುದಿಲ್ಲ. ಪ್ರತಿ ಮನೆಗೂ ಒಂದು ಹಳ್ಳಿ ಇದೆ, ಹೊಲವಿರುವ ಕಡೆ 'ಮಸಿಮೊ', ದನದ ಹಟ್ಟಿ ಇರುವ ಕಡೆ 'ಮೊರಾಕ'. ರಾಜಧಾನಿಯೇ ಹೊಸದು. ಬ್ರಿಟಿಷರ ಕಾಲದಲ್ಲಿ ಈ ದೇಶದ ಆಡಳಿತ ನಡೆಯುತ್ತಿದ್ದದ್ದು ಗಡಿಯಾಚೆ ದಕ್ಷಿಣ ಆಫ್ರಿಕಾದ ಮಾಫಿಕೆಂಗ್‌ನಿಂದ. 1966ರ ಸೆಪ್ಟೆಂಬರ್ 30ರ ಸ್ವಾತಂತ್ರ್ಯದ ಹೊತ್ತಿಗೆ ಅವಸರವಾಗಿ ಕಟ್ಟಿದ ಊರು ಗ್ಯಾಬರೋನ್. ಹಾಗಾಗಿ ಹಳೇ ಪೇಟೆ, ಗಲ್ಲಿ, ಗಿಜಿಗಿಜಿ ಇಲ್ಲಿ ಹುಡುಕಬೇಡಿ. ಮೊದಲ ಆರು ತಿಂಗಳು ನಿಮ್ಮ ಹೆಂಡತಿಗೆ ಇದು ಜಾಸ್ತಿ ಕಾಡುತ್ತೆ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇಲ್ಲಿನ ದುಡ್ಡಿನ ಹೆಸರು 'ಪುಲಾ'. ಪುಲಾ ಅಂದರೆ ಮಳೆ. ಭಾಷಣ ಮುಗಿದಾಗ ಕೂಗುವುದೂ 'ಪುಲಾ!', ಆಶೀರ್ವಾದವೂ 'ಪುಲಾ', ರಾಷ್ಟ್ರಲಾಂಛನದ ಮೇಲೆ ಬರೆದಿರುವುದೂ ಅದೇ. ಬಾವುಟದ ತಿಳಿನೀಲಿ ಬಣ್ಣ ನೀರಿನದು. ಬಂದ ಹೊಸತರಲ್ಲಿ ನನಗೆ ಇದು ಬರೀ ಸಾಮಾನ್ಯ ಜ್ಞಾನದ ಪ್ರಶ್ನೆಯಂತಿತ್ತು. 2015ರಲ್ಲಿ ಅರ್ಥವಾಯಿತು. ಬರಗಾಲ ಬಂದು ಗ್ಯಾಬರೋನ್ ಡ್ಯಾಮು ಹೆಚ್ಚುಕಡಿಮೆ ಬತ್ತಿಯೇ ಹೋಯಿತು. ಉತ್ತರದ ಅಣೆಕಟ್ಟಿನಿಂದ ಸುಮಾರು 360 ಕಿಲೋಮೀಟರ್ ಪೈಪಿನಲ್ಲಿ ನೀರು ಬರಬೇಕು, ಅದೂ ಆಗಾಗ ಒಡೆಯುತ್ತಿತ್ತು. ನಮ್ಮ ಬೀದಿಯಲ್ಲಿ ನಲ್ಲಿ ದಿನಗಟ್ಟಲೆ ಒಣಗಿರುತ್ತಿತ್ತು. ಪಕ್ಕದ ಮನೆಯ ಅಜ್ಜಿಯ ಹತ್ತಿರ ದೊಡ್ಡ ಹಸಿರು ಜೋಜೋ ಟ್ಯಾಂಕ್ ಇತ್ತು. ಕೇಳುವ ಮೊದಲೇ ಅವರು ನನ್ನ ಮಕ್ಕಳ ಕೈಗೆ ಎರಡು ಬಕೆಟ್ ನೀರು ಕೊಟ್ಟು ಕಳಿಸಿದರು. 2017ರ ಫೆಬ್ರುವರಿಯಲ್ಲಿ ಡಿನಿಯೋ ಚಂಡಮಾರುತದ ಮಳೆ ಬಂತು. ಆ ಮಳೆಗಾಲದಲ್ಲೇ ಡ್ಯಾಮು ತುಂಬಿತು. ತುಂಗಭದ್ರೆ ತುಂಬಿದಾಗ ಜನ ಹೊಸಪೇಟೆಗೆ ಓಡುತ್ತಾರಲ್ವಾ, ಹಾಗೆ ಇಡೀ ಊರು ನೀರು ನೋಡಲು ಹೋಯಿತು. ನಾವೂ ಆ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆವು. ಅವರು ಏನೂ ಮಾತಾಡಲಿಲ್ಲ, ನೀರನ್ನೇ ನೋಡುತ್ತಾ ನಿಂತಿದ್ದರು. ಬಾಡಿಗೆ ಮನೆ ನೋಡುವಾಗ ಟ್ಯಾಂಕ್ ಇದೆಯಾ ಎಂದು ಮೊದಲು ಕೇಳಿ. ಬಣ್ಣ, ಟೈಲ್ಸ್ ಆಮೇಲೆ.

ಈಗ ನಾನು ಬಹಳ ಮುಖ್ಯ ಅಂದುಕೊಂಡಿರುವ ಮಾತು. ಇಲ್ಲಿ ಯಾರ ಹತ್ತಿರ ಏನು ಕೇಳುವುದಿದ್ದರೂ ಮೊದಲು ನಮಸ್ಕಾರ ಹೇಳಬೇಕು. ಗಂಡಸಿಗೆ "ದುಮೆಲ ರ್ರಾ", ಹೆಂಗಸಿಗೆ "ದುಮೆಲ ಮ್ಮಾ". ಆ 'ಮ್ಮಾ' ನಮ್ಮ ಬಾಯಿಗೆ ಎಷ್ಟು ಸಲೀಸು ನೋಡಿ. ಆಮೇಲೆ ಹೇಗಿದ್ದೀರಿ ಎಂದು ಕೇಳಬೇಕು, ಅವರು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಆಮೇಲೆ ಕೆಲಸದ ಮಾತು. ಬಂದ ಎರಡನೇ ವಾರ ಒಂದು ಕಚೇರಿಯ ಕೌಂಟರಿನಲ್ಲಿ ನಾನು ನೇರವಾಗಿ "ನನ್ನ ಫೈಲ್ ಎಲ್ಲಿಗೆ ಬಂತು?" ಎಂದೆ. ಆಕೆ ತಲೆ ಎತ್ತಲಿಲ್ಲ. ಮತ್ತೆ ಕೇಳಿದೆ, ಉತ್ತರವಿಲ್ಲ. ಹಿಂದೆ ನಿಂತಿದ್ದ ಮುದುಕರೊಬ್ಬರು ಮೆಲ್ಲಗೆ, "ಮೊದಲು ಅವಳನ್ನು ಮಾತಾಡಿಸಪ್ಪಾ" ಎಂದರು. ಅಂಗಡಿ, ಬ್ಯಾಂಕು, ಪೆಟ್ರೋಲ್ ಬಂಕು, ಪೊಲೀಸು, ಎಲ್ಲ ಕಡೆ ಇದೇ ರೀತಿ. ಏನಾದರೂ ಕೊಡುವಾಗ, ತೆಗೆದುಕೊಳ್ಳುವಾಗ ಬಲಗೈ ಚಾಚಿ, ಎಡಗೈಯಿಂದ ಬಲ ಮೊಣಕೈ ಮುಟ್ಟಿಕೊಳ್ಳುತ್ತಾರೆ. ನೋಡಿ ಕಲಿಯಿರಿ. ಇಂಗ್ಲಿಷ್ ಎಲ್ಲರಿಗೂ ಬರುತ್ತೆ, ಅದರಲ್ಲೇ ಕಾಲ ಕಳೆಯಬಹುದು. ಇಪ್ಪತ್ತು ವರ್ಷ ಇದ್ದೂ ಸೆತ್ಸ್ವಾನಾದಲ್ಲಿ ಹತ್ತು ಪದ ಕಲಿಯದ ನಮ್ಮವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಅನ್ನುವ ನಾವು ಇಲ್ಲಿ ಬೇರೆ ಮಾತಾಡಬಾರದು ಅಲ್ವಾ?

ಊಟದ ಚಿಂತೆ ಬಿಡಿ. ಇಲ್ಲಿನ ಮುಖ್ಯ ಬೆಳೆ ಜೋಳ! 'ಮಬೆಲೆ' ಅನ್ನುತ್ತಾರೆ. ಅದರ ಹಿಟ್ಟು ಎಲ್ಲ ಅಂಗಡಿಯಲ್ಲೂ ಸಿಗುತ್ತೆ. ಹಿಟ್ಟು ಕುದಿಸಿ ತಿರುವಿ ಮಾಡುವ 'ಬೊಗೊಬೆ' ನಮ್ಮ ಮುದ್ದೆಯ ಹತ್ತಿರದ ನೆಂಟ, ಸ್ವಲ್ಪ ಸಡಿಲ ಅಷ್ಟೇ. 'ಮೊರೊಗೊ' ಅಂದರೆ ಸೊಪ್ಪು. ಅಲಸಂದೆ ಎಲೆಯನ್ನು ಒಣಗಿಸಿ ಇಟ್ಟುಕೊಂಡು ವರ್ಷವಿಡೀ ಮಾಡುತ್ತಾರೆ. ನನ್ನ ಹೆಂಡತಿ ಮಬೆಲೆ ಹಿಟ್ಟಿನಲ್ಲೇ ರೊಟ್ಟಿ ಬಡಿಯುತ್ತಾಳೆ. ಹಿಟ್ಟು ನುಣ್ಣಗಿರುವುದನ್ನು ನೋಡಿ ತೆಗೆದುಕೊಳ್ಳಬೇಕು, ತರಿ ಇದ್ದರೆ ರೊಟ್ಟಿ ಒಡೆಯುತ್ತೆ. ಬೇಳೆ, ಮಸಾಲೆ, ಅಕ್ಕಿಗೆ ಭಾರತೀಯ ಅಂಗಡಿಗಳಿವೆ. ಮಾಂಸ ತಿನ್ನುವವರಿಗೆ ಕಡಿಮೆಯೇನಿಲ್ಲ. ಉಪ್ಪು ಹಾಕಿ ಗಂಟೆಗಟ್ಟಲೆ ಬೇಯಿಸಿ ಕುಟ್ಟಿದ ದನದ ಮಾಂಸ 'ಸೆಸ್ವಾ' ಇಲ್ಲದೆ ಮದುವೆಯೂ ಇಲ್ಲ, ಸಾವಿನ ಮನೆ ಊಟವೂ ಇಲ್ಲ. ನೀವು ತಿನ್ನುವುದಿಲ್ಲ ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಸೊಪ್ಪು ಜಾಸ್ತಿ ಬಡಿಸುತ್ತಾರೆ. ಹಾಗಂತ ಇವರಿಗೆ ದನದ ಮೇಲೆ ಪ್ರೀತಿ ಇಲ್ಲ ಅಂದುಕೊಳ್ಳಬೇಡಿ. ಹಸುವನ್ನು ಇವರು 'ಒದ್ದೆ ಮೂಗಿನ ದೇವರು' ಎಂದು ಕರೆಯುತ್ತಾರೆ. ನಮ್ಮೂರಿನ ರೈತನ ಮುಂದೆ ಆ ಮಾತು ಹೇಳಿ, ತಟ್ಟನೆ ಅರ್ಥವಾಗುತ್ತೆ.

ಕಾಂಟ್ರಾಕ್ಟಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಕೆಲಸದ ಪರ್ಮಿಟ್ ನಿಮ್ಮ ಮಾಲೀಕರಿಗೆ ಕಟ್ಟಿಕೊಂಡಿರುತ್ತೆ, ಕೆಲಸ ಬದಲಿಸಿದರೆ ಮತ್ತೆ ಮೊದಲಿನಿಂದ. ಹೆಂಡತಿ ನಿಮ್ಮ ಜೊತೆ ಇರಬಹುದು, ಆದರೆ ಕೆಲಸ ಮಾಡಬೇಕಾದರೆ ಅವರಿಗೆ ಬೇರೆ ಪರ್ಮಿಟ್ ಬೇಕು. ನಾನು ಕೆಲಸ ಮಾಡಿದ ಒಂದು ಸಂಸ್ಥೆ ನನ್ನ ನವೀಕರಣದ ಅರ್ಜಿಯನ್ನು ತಡವಾಗಿ ಹಾಕಿತು. ನಾಲ್ಕು ತಿಂಗಳು ದೇಶ ಬಿಟ್ಟು ಹೋಗುವ ಹಾಗಿರಲಿಲ್ಲ. ಅದೇ ಹೊತ್ತಿಗೆ ಊರಲ್ಲಿ ಅಪ್ಪ ಆಸ್ಪತ್ರೆ ಸೇರಿದರು. ಆ ದಿನಗಳು ಯಾರಿಗೂ ಬೇಡ. ಪತ್ರದಲ್ಲಿ ನಾಲ್ಕು ವಿಷಯ ಬರೆದಿದೆಯಾ ನೋಡಿ: ಪರ್ಮಿಟ್ ಖರ್ಚು ಯಾರದು, ಮೆಡಿಕಲ್ ಏಡ್ (ಆರೋಗ್ಯ ವಿಮೆ) ಇದೆಯಾ, ಮಗಳ ಫೀಸಿಗೆ ಏನು ಕೊಡುತ್ತಾರೆ, ಅವಧಿ ಮುಗಿದಾಗ ಗ್ರಾಚುಟಿ ಎಷ್ಟು. ಮೆಡಿಕಲ್ ಏಡ್ ಇಲ್ಲದೆ ಬರಬೇಡಿ. 2025ರ ಆಗಸ್ಟಿನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಸಾಲದೆ ಅಧ್ಯಕ್ಷರೇ ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು. ಇದಕ್ಕೆಲ್ಲ ಮೂಲ ವಜ್ರ. ಸ್ವಾತಂತ್ರ್ಯ ಸಿಕ್ಕ ಮರುವರ್ಷ, 1967ರಲ್ಲಿ, ಒರಾಪಾದಲ್ಲಿ ವಜ್ರ ಸಿಕ್ಕಿತು. ರಸ್ತೆ, ಶಾಲೆ, ಆಸ್ಪತ್ರೆ ಎಲ್ಲ ಆ ದುಡ್ಡಿನಿಂದ ಬಂದವು. ಅದನ್ನು ಇಷ್ಟು ಚೆನ್ನಾಗಿ ಬಳಸಿದ ದೇಶಗಳು ಕಡಿಮೆ. ಈಗ ಲ್ಯಾಬಿನಲ್ಲಿ ಬೆಳೆದ ವಜ್ರ ಬಂದು ಬೇಡಿಕೆ ಕುಸಿದಿದೆ, ಖಜಾನೆ ಬಿಗಿಯಾಗಿದೆ. ನಿಮ್ಮ ಕಂಪನಿಯ ವ್ಯವಹಾರ ವಜ್ರದ ಮೇಲೆ ನಿಂತಿದೆಯಾ ಎಂದು ವಿಚಾರಿಸಿಕೊಳ್ಳಿ.

ಶಾಲೆಯ ವರ್ಷ ಇಲ್ಲಿ ಜನವರಿಯಲ್ಲಿ ಶುರು. ಗಾಡಿ ಎಡಕ್ಕೇ ಓಡಿಸುತ್ತಾರೆ. ಸಿಗ್ನಲ್‌ಗೆ 'ರೋಬೋಟ್', ಮಿನಿಬಸ್ಸಿಗೆ 'ಕಾಂಬಿ' ಎನ್ನುತ್ತಾರೆ. ಕತ್ತಲಾದ ಮೇಲೆ ಊರ ಹೊರಗೆ ಕಾರು ಓಡಿಸಬೇಡಿ. ಕತ್ತೆ, ದನ, ಕುಡು ಜಿಂಕೆ ರಸ್ತೆಯಲ್ಲೇ ನಿಂತಿರುತ್ತವೆ. ಜೋಹಾನ್ಸ್‌ಬರ್ಗ್ ನಾಲ್ಕೈದು ಗಂಟೆಯ ದಾರಿ, ಆದರೆ ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕು. ಗ್ಯಾಬರೋನ್‌ನಲ್ಲಿ ಬಾಲಾಜಿ ದೇವಸ್ಥಾನ ಇದೆ.

ಮೊದಲ ಜುಲೈ ರಜೆಯಲ್ಲಿ ಮಗಳನ್ನು ಒಕವಾಂಗೊ ನದಿಯ ಕಡೆಗೆ ಕರೆದುಕೊಂಡು ಹೋಗಿ. ಅಂಗೋಲಾದ ಬೆಟ್ಟಗಳಲ್ಲಿ ಸುರಿದ ಮಳೆ ತಿಂಗಳುಗಟ್ಟಲೆ ಹರಿದು, ಸಮುದ್ರ ಸೇರದೆ, ಕಲಹಾರಿಯ ಮರಳಿನಲ್ಲಿ ಹರಡಿಕೊಳ್ಳುತ್ತೆ. ಸುತ್ತ ಎಲ್ಲ ಒಣಗಿ ನಿಂತಾಗಲೇ ಅಲ್ಲಿ ಪ್ರವಾಹ. ಆನೆಗಳು ಹಿಂಡು ಹಿಂಡಾಗಿ ಬರುತ್ತವೆ. ಮೌನ್ ಊರಿನಿಂದ ಮರದ ದೋಣಿಯಂಥ 'ಮೊಕೊರೊ'ದಲ್ಲಿ ಹೋದರೆ ಜೊಂಡಿನ ನಡುವೆ ನೀರಿನ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ನನ್ನ ಮಗಳು ಅಲ್ಲಿ ಕೈ ಅದ್ದಬೇಕು ಎಂದು ಹಟ ಹಿಡಿದಳು. ದೋಣಿಯವರು ಮೊಸಳೆ ಇಲ್ಲದ ತಿಳಿನೀರಿನ ಜಾಗ ನೋಡಿ ನಿಲ್ಲಿಸಿ, "ಪುಲಾ" ಎಂದರು.

ಡಿಸೆಂಬರ್ ಕೊನೆಗೆ ಬಂದರೆ ಮಗಳ ಶಾಲೆಗೆ ಸರಿಹೋಗುತ್ತೆ. ಜೋಳದ ಹಿಟ್ಟು ಹೊತ್ತು ತರಬೇಡಿ, ಕಬ್ಬಿಣದ ಹೆಂಚು ತನ್ನಿ. ಕಾಂಟ್ರಾಕ್ಟ್ ಪತ್ರದಲ್ಲಿ ಆ ನಾಲ್ಕು ವಿಷಯ ಎಲ್ಲಿದೆಯೋ ಆ ಪುಟ ನನಗೆ ಕಳಿಸಿ, ಸಹಿ ಹಾಕುವ ಮೊದಲು ಒಮ್ಮೆ ಕೂತು ಓದೋಣ.