“ಸರ, ಇದು ನಿಮ್ದೋ, ಮ್ಯಾಲಿಂದೋ?”

(ನೌಕರಿಯ ಕಷ್ಟಸುಖ ಕುರಿತ ಓದುಗರ ಪ್ರಶ್ನೆಗಳಿಗೆ ಧಾರವಾಡದ ನಿವೃತ್ತ ಶಿಕ್ಷಕ ತರಬೇತುದಾರರೊಬ್ಬರ ಉತ್ತರ)

ಪ್ರಶ್ನೆ: ಮುಂಡರಗಿ ತಾಲ್ಲೂಕಿನ ಸರಕಾರಿ ಶಾಲೆಯೊಂದರಲ್ಲಿ ನಾನು ನಲಿ-ಕಲಿ (ಕಾರ್ಡುಗಳ ಮೂಲಕ ಚಟುವಟಿಕೆಯಿಂದ ಕಲಿಸುವ ಪದ್ಧತಿ) ಶಿಕ್ಷಕಿ. ಒಂದರಿಂದ ಮೂರನೆಯ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಕಾರ್ಡು, ಮಕ್ಕಳನ್ನು ಗುಂಪಾಗಿ ಕೂರಿಸುವ ತಟ್ಟೆ, ಕಲಿಕೆಯ ಹಂತ ತೋರಿಸುವ ಮೈಲಿಗಲ್ಲು ಎಲ್ಲ ಹೇಳಿದಂತೆ ನಡೆಸುತ್ತೇನೆ. ಆದರೆ ಹಿಂದೆ ಬಿದ್ದ ಮಕ್ಕಳಿಗೆ ಮಧ್ಯಾಹ್ನ ಕಾರ್ಡು ಬದಿಗಿಟ್ಟು ಪಾಟಿಯ ಮೇಲೆ ಕಾಗುಣಿತ ತಿದ್ದಿಸುತ್ತೇನೆ. ಅವರಿಗೆ ಓದು ಹತ್ತುವುದು ಅದರಿಂದಲೇ. ಮಕ್ಕಳ ಕಲಿಕೆ ದಾಖಲಿಸುವ ಪ್ರಗತಿ ನೋಟದಲ್ಲಿ ಮಾತ್ರ ಎಲ್ಲವೂ ಕಾರ್ಡಿನ ಪ್ರಕಾರವೇ ಆಯಿತೆಂದು ತುಂಬುತ್ತೇನೆ. ನಂಬದ ಪದ್ಧತಿಯನ್ನು ನಂಬಿದವರಂತೆ ನಡೆಸುವುದು ಮೋಸವಲ್ಲವೇ?

ಉತ್ತರ: ತಂಗೀ, ಪಾಟಿಯದು ಮೋಸವಲ್ಲ. ಪ್ರಗತಿ ನೋಟದ್ದು ಹೌದು. ಯಾಕೆಂದು ಹೇಳುತ್ತೇನೆ, ಉತ್ತರ ಸ್ವಲ್ಪ ಉದ್ದವಾದೀತು.

ನಲಿ-ಕಲಿ ಬೆಂಗಳೂರಿನ ಕಚೇರಿಯಲ್ಲಿ ಹುಟ್ಟಿದ್ದೆಂದು ಬಹಳ ಜನ ತಿಳಿದಿದ್ದಾರೆ. ಅದು ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಯುನಿಸೆಫ್ ಬೆಂಬಲ ಇತ್ತು, ನಿಜ. ಆದರೆ ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಕೂತು, ಚರ್ಚೆ ಮಾಡಿ ಕಾರ್ಡು ಬರೆದವರು ನಿಮ್ಮಂಥ ಶಿಕ್ಷಕರೇ. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಕೋಟೆಯ ಶಿಕ್ಷಕರಿಗೆ ಸ್ವಂತದ್ದಾಗಿದ್ದ ಕಾರ್ಡು ಮುಂಡರಗಿಗೆ ಬರುವ ಹೊತ್ತಿಗೆ ಸುತ್ತೋಲೆಯಾಗಿತ್ತು.

ಅದನ್ನು ಹೊತ್ತು ತಂದವರಲ್ಲಿ ನಾನೂ ಒಬ್ಬ. ತರಬೇತಿಯಲ್ಲಿ ಊಟವಾದ ಮೇಲಿನ ಅವಧಿ ಎಂಥದ್ದೆಂದು ನಿಮಗೆ ಗೊತ್ತು. ಹಿಂದಿನ ಸಾಲು ನಿದ್ದೆಗಣ್ಣು, ಮುಂದಿನ ಸಾಲು ಹಾಜರಿ ಹಾಳೆ ಯಾವಾಗ ಬರುತ್ತದೆಂದು ಕಾಯುತ್ತಿರುತ್ತದೆ. ಒಮ್ಮೆ ಕುಂದಗೋಳ ಕಡೆಯ ಹಿರಿಯ ಮಾಸ್ತರರೊಬ್ಬರು ಎದ್ದು ನಿಂತು, “ಸರ, ಇದು ನಿಮ್ದೋ, ಮ್ಯಾಲಿಂದೋ?” ಎಂದು ಕೇಳಿದರು. ಸಭೆ ನಕ್ಕಿತು. ನಾನು ಮೇಲಿನದೇ ಎಂದೆ. “ಹಂಗಾದ್ರ ಬರಕೋತೀವ್ರಿ, ನಡೀರಿ” ಎಂದು ಕೂತರು. ಬರೆದುಕೊಳ್ಳುವುದು ಬೇರೆ, ಮಾಡುವುದು ಬೇರೆ ಎಂಬುದು ಆ ಸಭೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಇದೇ ಸಂಗತಿಯನ್ನು ನೆದರ್ಲೆಂಡ್ಸ್‌ನ ಲಾರ್ಸ್ ಟುಮ್ಮರ್ಸ್ ಎಂಬ ಸಂಶೋಧಕರು ಅಭ್ಯಾಸ ಮಾಡಿದ್ದಾರೆ. ಅಲ್ಲಿ 2008ರಲ್ಲಿ ಮಾನಸಿಕ ಚಿಕಿತ್ಸೆಗೆ ಹೊಸ ಬಿಲ್ಲಿನ ಪದ್ಧತಿ ಬಂತು. ರೋಗಿಗೆ ಇಂಥ ಕಾಯಿಲೆ, ಇಂಥ ಚಿಕಿತ್ಸೆ ಎಂದು ಹಣೆಪಟ್ಟಿ ಹಚ್ಚಿದರಷ್ಟೇ ಹಣ. ಮನಶ್ಶಾಸ್ತ್ರಜ್ಞರಲ್ಲಿ ಬಹುತೇಕರಿಗೆ ಅದು ಹಿಡಿಸಲಿಲ್ಲ. ಟುಮ್ಮರ್ಸ್ ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ, ಅವರ ಅಸಮಾಧಾನವನ್ನು ಎರಡು ಪಾಲು ಮಾಡಿದರು: “ನಮ್ಮನ್ನು ಯಾರೂ ಕೇಳಲಿಲ್ಲ” ಎಂಬುದೊಂದು, “ಇದರಿಂದ ಯಾರಿಗೂ ಉಪಯೋಗವಿಲ್ಲ” ಎಂಬುದಿನ್ನೊಂದು. ಜನ ನೀತಿಯನ್ನು ಮನಸ್ಸಿಟ್ಟು ಜಾರಿ ಮಾಡುತ್ತಾರೋ ಇಲ್ಲವೋ ಎಂಬುದು ಹೆಚ್ಚಾಗಿ ಎರಡನೆಯದರ ಮೇಲೆ ನಿಂತಿದೆ ಎಂದು ಕಂಡಿತು. ಕೇಳದಿದ್ದರೂ ಸಹಿಸುತ್ತಾರೆ, ತಮ್ಮೆದುರಿನ ರೋಗಿಗೆ ಒಳ್ಳೆಯದಾಗದಿದ್ದರೆ ಸಹಿಸುವುದಿಲ್ಲ.

ನೀವೂ ಹೀಗೆ ಎರಡು ಪಾಲು ಮಾಡಿ ನೋಡಿ. ಅಕ್ಷರಗಳ ಸರದಿಯನ್ನೇ ತೆಗೆದುಕೊಳ್ಳಿ. ನಲಿ-ಕಲಿ ‘ಅ ಆ ಇ ಈ’ಯಿಂದ ಶುರುವಾಗುವುದಿಲ್ಲ, ‘ರ ಗ ಸ ದ ಅ’ದಿಂದ ಶುರುವಾಗುತ್ತದೆ. “ನನ್ನ ಮಗಗ ಇನ್ನೂ ಅ ಆ ಇ ಈ ಸಾಲಾಗಿ ಬರಂಗಿಲ್ಲ” ಎಂದು ತಾಯಂದಿರು ಬಾಗಿಲಿಗೆ ಬಂದದ್ದು ನಿಮಗೂ ನೆನಪಿರಬೇಕು. ಆದರೆ ಆ ಐದೇ ಅಕ್ಷರ ಬಂದ ಮಗು ಸರ, ದರ, ಅಗಸ, ಅರಸ ಓದುತ್ತದೆ, ಗರಗಸವನ್ನೂ ಬಿಡುವುದಿಲ್ಲ. ವರ್ಣಮಾಲೆಯ ಮೊದಲ ಐದು ಅಕ್ಷರದಲ್ಲಿ ಎಷ್ಟು ಶಬ್ದ ಕಟ್ಟುತ್ತೀರಿ, ಹೇಳಿ ನೋಡೋಣ. ಇದನ್ನು ನಿಮ್ಮನ್ನು ಕೇಳದೇ ತಂದಿರಬಹುದು, ಆದರೂ ಮಗುವಿಗೆ ಒಳ್ಳೆಯದೇ. ಇಟ್ಟುಕೊಳ್ಳಿ. ಮೂರು ತರಗತಿಗೆ ಒಬ್ಬರೇ ಶಿಕ್ಷಕಿ ಇದ್ದು, ಸಹಪಾಠಿ ಸಹಾಯದ ತಟ್ಟೆಯಲ್ಲಿ ಕೂತ ಮಗು ಮಧ್ಯಾಹ್ನದವರೆಗೂ ಒಂದೇ ಕಾರ್ಡು ತಿರುಗಿಸುತ್ತ ಕೂತರೆ, ಆ ದೂರು ಬೇರೆ ಜಾತಿಯದು. ಅಲ್ಲಿ ನೀವು ಪಾಟಿ ಹಿಡಿಸಿದ್ದು ಸರಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಈಗ ಪ್ರಗತಿ ನೋಟದ ಮಾತು. ನೀವು ತುಂಬಿದ್ದು ಸಿಆರ್‌ಪಿ (ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ) ಕೈಗೆ ಹೋಗುತ್ತದೆ, ಅಲ್ಲಿಂದ ಬ್ಲಾಕಿಗೆ, ಜಿಲ್ಲೆಗೆ. ಪಾಟಿಯಿಂದ ಓದು ಕಲಿತ ಮಗು ಕಾಗದದಲ್ಲಿ ಕಾರ್ಡಿನಿಂದ ಕಲಿತಂತೆ ಕಾಣುತ್ತದೆ. ಮೇಲೆ ಕೂತವರು ಕೆಟ್ಟವರೇ ಆಗಬೇಕಿಲ್ಲ, ಅವರಿಗೆ ಕಾಣುವುದೇ ಅಷ್ಟು. ಒಬ್ಬ ಶಿಕ್ಷಕಿಗೆ ಮೂರು ತರಗತಿ ಸಾಕೆಂದು ಮುಂದಿನ ವರ್ಷವೂ ಅವರು ತೀರ್ಮಾನಿಸಿದರೆ ಆ ಕಾಗದವೇ ಸಾಕ್ಷಿ. ನಿಮ್ಮ ಮಧ್ಯಾಹ್ನದ ದುಡಿಮೆ ಹೀಗೆ ನಿಮ್ಮ ವಿರುದ್ಧವೇ ಲೆಕ್ಕಕ್ಕೆ ಹೋಗುತ್ತದೆ.

ಇನ್ನು ಮೇಲೆ ಕಾರ್ಡಿನಿಂದ ದಾಟದ ಮೈಲಿಗಲ್ಲನ್ನು ದಾಟಿಲ್ಲವೆಂದೇ ಬಿಡಿ. ಅಂಚಿನಲ್ಲಿ ‘ಪಾಟಿ, ಕಾಗುಣಿತ’ ಎಂದು ಸಣ್ಣದಾಗಿ ಬರೆಯಿರಿ. ಸಮಾಲೋಚನಾ ಸಭೆಗೆ ಹೋಗುವಾಗ ಒಂದೇ ಮಗುವಿನ ಎರಡು ಪಾಟಿ ಒಯ್ಯಿರಿ, ಜೂನ್ ತಿಂಗಳದ್ದೊಂದು, ಈಗಿನದೊಂದು. ಹಳೆಯದನ್ನು ಒರೆಸಿದ್ದರೆ ನೋಟ್‌ಬುಕ್ ಆದರೂ ಆದೀತು. ಪದ್ಧತಿ ಸರಿಯಿಲ್ಲ ಎಂದು ಭಾಷಣ ಶುರು ಮಾಡಿದರೆ ಸಿಆರ್‌ಪಿ ಗಡಿಯಾರ ನೋಡುತ್ತಾರೆ (ಅವರಿಗೂ ಮೇಲಿನವರಿದ್ದಾರೆ). ನೋಟ್‌ಬುಕ್ ಕೈಗೆ ಕೊಟ್ಟರೆ ತಿರುವಿಯೇ ತಿರುವುತ್ತಾರೆ. ನೋಟೀಸು ಬಂದೀತೆಂಬ ಅಂಜಿಕೆ ಇದ್ದರೆ ಪಕ್ಕದ ಶಾಲೆಯ ಇಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅವರೂ ಮಧ್ಯಾಹ್ನ ಪಾಟಿಯನ್ನೇ ಹಿಡಿಸುತ್ತಿರುತ್ತಾರೆ, ಬೇಕಾದರೆ ಕೇಳಿ ನೋಡಿ.

ಪ್ರಶ್ನೆ: ಹಾನಗಲ್ ತಾಲ್ಲೂಕಿನಲ್ಲಿ ಗ್ರಾಮ ಆಡಳಿತ ಅಧಿಕಾರಿ ನಾನು. ಬೆಳೆ ಸಮೀಕ್ಷೆಗೊಂದು ಆ್ಯಪ್, ಆಧಾರ್ ಜೋಡಣೆಗೊಂದು, ಇನ್ನೂ ಏನೇನಕ್ಕೋ. ಹೊಲದಲ್ಲಿ ನೆಟ್‌ವರ್ಕ್ ಇಲ್ಲ. ರೈತನ ಮುಖ ನೋಡುವುದಕ್ಕಿಂತ ಮೊಬೈಲ್ ನೋಡುವುದೇ ಹೆಚ್ಚಾಗಿದೆ. ಬೇಸರ ಎಲ್ಲಿ ತೋಡಿಕೊಳ್ಳಲಿ?

ಉತ್ತರ: ನಿಮ್ಮವರೇ ದಾರಿ ತೋರಿಸಿದ್ದಾರೆ. 2024ರ ಸೆಪ್ಟೆಂಬರಿನಲ್ಲಿ ನಿಮ್ಮ ಹುದ್ದೆಯವರು ರಾಜ್ಯಾದ್ಯಂತ ಮುಷ್ಕರ ಹೂಡಿದಾಗ ಮುಖ್ಯ ಬೇಡಿಕೆಗಳಲ್ಲಿ ಆ್ಯಪ್‌ಗಳ ಹೊರೆಯೂ ಇತ್ತು. ಸಂಬಳಕ್ಕಷ್ಟೇ ಮುಷ್ಕರ ನೋಡಿದ್ದ ನನ್ನಂಥವನಿಗೆ ಅದು ಹೊಸದೆನಿಸಿತು. ಎಲ್ಲ ಆ್ಯಪನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ. ಬೆಳೆ ಸಮೀಕ್ಷೆ ತಪ್ಪಾದರೆ ರೈತನ ವಿಮೆ, ಪರಿಹಾರ ಎರಡಕ್ಕೂ ಕುತ್ತು. ಅದನ್ನು ಬೈಯುತ್ತಲೇ ಆದರೂ ನೆಟ್ಟಗೆ ಮಾಡಿ. ಒಂದೇ ಮಾಹಿತಿಯನ್ನು ಎರಡೆರಡು ಕಡೆ ಕೇಳುವ ಆ್ಯಪ್‌ಗಳ ಹೆಸರು ಮಾತ್ರ ಬರೆದು ತಹಶೀಲ್ದಾರರಿಗೆ ಕೊಡಿ, ಟಪಾಲಿನಲ್ಲಿ, ಸ್ವೀಕೃತಿ ತೆಗೆದುಕೊಂಡು.

ಪ್ರಶ್ನೆ: ಹುಬ್ಬಳ್ಳಿ ಡಿಪೊದ ಕಂಡಕ್ಟರ್ ನಾನು. ಶಕ್ತಿ ಯೋಜನೆ ಬಂದಾಗಿನಿಂದ ಸೀಟು ಸಿಗದ ಗಂಡಸರು ಯೋಜನೆ ನಾನೇ ತಂದಂತೆ ನನ್ನನ್ನು ಬೈಯುತ್ತಾರೆ. ನನಗೂ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಏನು ಹೇಳಲಿ?

ಉತ್ತರ: ಏನೂ ಹೇಳಬೇಡ ತಮ್ಮಾ. ಟಿಕೆಟ್ ಮಾತ್ರ ತಪ್ಪದೆ ಕೊಡು. ಸರಕಾರ ನಿಗಮಕ್ಕೆ ಹಣ ತುಂಬಿಕೊಡುವುದು ಆ ಶೂನ್ಯ ಟಿಕೆಟ್ಟಿನ ಲೆಕ್ಕದ ಮೇಲೆ, ನಿನ್ನ ಸಂಬಳವೂ ಅದೇ ಗಲ್ಲೆಯಿಂದ. ಒಪ್ಪಿಗೆಯ ಮಾತಾದರೆ, ಬೆಳಗಿನ ನವಲಗುಂದದ ಬಸ್ಸಿಗೆ ಕಾಯಿಪಲ್ಲೆ ಬುಟ್ಟಿ ಏರಿಸುವ ಹೆಂಗಸರನ್ನು ಕೇಳು. 2023ರ ಜೂನ್ 11ರಿಂದ ಚಿಲ್ಲರೆ ಜಗಳ ಅರ್ಧಕ್ಕರ್ಧ ಇಳಿದಿಲ್ಲವೇ? ಅಷ್ಟನ್ನಾದರೂ ಒಪ್ಪಿಕೋ.