ಐಎಸ್‌ಎಲ್‌ನಲ್ಲಿ ಸ್ಯಾಲರಿ ಕ್ಯಾಪ್ ತೆಗೆದ್ರೆ ನಮ್ಮ ಹುಡುಗ್ರು ಬೆಳೀತಾರಾ?

ಹಾಸನದಿಂದ ಒಬ್ರು ಕೇಳಿದಾರೆ, ಐಎಸ್‌ಎಲ್, ಅಂದ್ರೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಕ್ಲಬ್‌ಗಳಿಗೆ ಸಂಬಳಕ್ಕೆ ಇಷ್ಟೇ ಖರ್ಚು ಮಾಡ್ಬೇಕು ಅಂತ ಮಿತಿ, ಅದೇ ಸ್ಯಾಲರಿ ಕ್ಯಾಪ್, ಇಟ್ಟಿರೋದ್ರಿಂದಲೇ ನಮ್ಮ ಆಟಗಾರರು ಬೆಳೀತಿಲ್ಲ ಅಂತಾರಲ್ಲ, ಅದು ನಿಜಾನಾ, ತೆಗೆದ್ರೆ ಸರಿಹೋಗುತ್ತಾ, ನನ್ನ ಅಕ್ಕನ ಮಗನಿಗೆ 13 ವರ್ಷ, ಚೆನ್ನಾಗಿ ಆಡ್ತಾನೆ, ಅವನನ್ನ ಈ ದಾರೀಲಿ ಬಿಡಬಹುದಾ ಅಂತ.

ನಾನು ಮೂಡಿಗೆರೆ ಹತ್ರ ಒಂದು ಕಾಫಿ ಎಸ್ಟೇಟಲ್ಲಿ ರೈಟರ್. ಅಂದ್ರೆ ಹಾಜರಿ, ಕೂಲಿ, ಗೋಣಿ ಲೆಕ್ಕ ಬರೆಯೋನು. ಭಾನುವಾರ ಲೈನ್ ಮನೆ ಹುಡುಗ್ರು, ಪಕ್ಕದೂರಿನ ಹುಡುಗ್ರು ಸೇರಿ ಒಂದು ಇಪ್ಪತ್ತು ಜನಕ್ಕೆ ಫುಟ್‌ಬಾಲ್ ಹೇಳ್ಕೊಡ್ತೀನಿ, ಕೋಚಿಂಗ್ ಲೈಸೆನ್ಸ್ ಎಂತದೂ ಇಲ್ಲ ಮಾರಾಯ್ರೆ, ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಮ್ಯಾಚ್ ನೋಡಿ ನೋಡಿ ಬಂದ ಬುದ್ಧಿ ಅಷ್ಟೆ. ಒಂದು ಸಲ ಇವ್ರಿಗೆ ಸ್ಯಾಲರಿ ಕ್ಯಾಪ್ ಅಂತ ಹೇಳೋಕೆ ಹೋದ್ರೆ ಒಬ್ಬ, "ಅಂದ್ರೆ ಸಂಬಳಕ್ಕೆ ಟೋಪಿ ಹಾಕೋದಾ ಅಣ್ಣ" ಅಂದ. ನಗು ಬಂತು, ಆಮೇಲೆ ಯೋಚ್ನೆ ಮಾಡಿದ್ರೆ ಪೂರ್ತಿ ತಪ್ಪೇನಲ್ಲ ಅನ್ನಿಸ್ತು.

ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ, ಕ್ಯಾಪ್ ಇಟ್ರೂ ಹುಡುಗ ಬೆಳೆಯಲ್ಲ, ತೆಗೆದ್ರೂ ಬೆಳೆಯಲ್ಲ. ಅದು ಓನರ್ ಜೇಬು ಕಾಯೋಕೆ ಇರೋ ವಸ್ತು. ಹುಡುಗ ಬೆಳೆಯೋದು ಆಡಿದ ನಿಮಿಷಗಳಿಂದ, ಮತ್ತೆ ಅವನನ್ನ ಬೆಳೆಸಿದೋನಿಗೆ ಏನಾದ್ರೂ ವಾಪಸ್ ಸಿಗುತ್ತೆ ಅನ್ನೋ ನಂಬಿಕೆಯಿಂದ. ನಮ್ಮಲ್ಲಿ ಎರಡೂ ಕಮ್ಮಿ.

ಇದು ನಂಗೆ ಅರ್ಥ ಆಗಿದ್ದು ತೋಟದ ಲೆಕ್ಕದ ಪುಸ್ತಕದಿಂದ. ನಮ್ಮ ಕಡೆ ಹಣ್ಣು ಕುಯ್ಲು ಶುರುವಾಗೋ ಮುಂಚೆ ಅಕ್ಕಪಕ್ಕದ ತೋಟದವ್ರು ಸೇರಿ ಈ ವರ್ಷ ಯಾರೂ ಇದಕ್ಕಿಂತ ಜಾಸ್ತಿ ಕೂಲಿ ಕೊಡೋದು ಬೇಡ ಅಂತ ಮಾತಾಡ್ಕೊಳ್ತಾರೆ, ಅದೇ ಕ್ಯಾಪ್. ಒಂದು ವಾರ ನಡೆಯುತ್ತೆ. ಆಮೇಲೆ ಒಬ್ರು ಜೀಪ್ ಕಳಿಸ್ತಾರೆ, ಇನ್ನೊಬ್ರು ಅಡ್ವಾನ್ಸ್ ಕೊಡ್ತಾರೆ, ಮತ್ತೊಬ್ರು ದಿನಗೂಲಿ ಅದೇ ಇಟ್ಟು ಕೆಜಿ ಲೆಕ್ಕ ಬೇರೆ ಮಾಡ್ತಾರೆ, ಪುಸ್ತಕದಲ್ಲಿ ಮಾತ್ರ ಎಲ್ಲರದ್ದೂ ಒಂದೇ ಕೂಲಿ. ಇನ್ನು ಮರಗಸಿ ಮಾಡೋರ ಕತೆ ಬೇರೆನೇ. ಸಿಲ್ವರ್ ಮರ ಹತ್ತಿ ನೆರಳು ಎಷ್ಟು ಬಿಡ್ಬೇಕು ಎಷ್ಟು ತೆಗೀಬೇಕು ಅಂತ ಗೊತ್ತಿರೋರು ಊರಿಗೆ ನಾಲ್ಕೈದು ಜನ, ಎಲ್ಲರೂ ವಯಸ್ಸಾದೋರು, ಅವ್ರು ಕೇಳಿದಷ್ಟು ಕೊಡ್ಲೇಬೇಕು. ಹಾಗಾದ್ರೆ ಹುಡುಗ್ರಿಗೆ ಕಲಿಸಿ ಅಂತ ನಮ್ಮ ಸಾಹುಕಾರ್ರಿಗೆ ಹೇಳಿದ್ರೆ, "ನಾನು ಎರಡು ವರ್ಷ ಸಂಬಳ ಕೊಟ್ಟು ಕಲಿಸೋದು, ಅವನು ಮೂರನೇ ವರ್ಷ ಪಕ್ಕದ ತೋಟಕ್ಕೆ ಹೋಗೋದು" ಅಂತಾರೆ. ಅವ್ರು ಹೇಳೋದ್ರಲ್ಲಿ ತಪ್ಪು ಹುಡುಕೋಕೆ ನಂಗೆ ಇವತ್ತಿಗೂ ಆಗಿಲ್ಲ.

ಈಗ ಐಎಸ್‌ಎಲ್ ನೋಡಿ. ಸುಮಾರು ಸೀಸನ್ ಒಂದು ಟೀಮಿನ ಸಂಬಳದ ಮಿತಿ 16.5 ಕೋಟಿ ಇತ್ತು, 2024-25ಕ್ಕೆ 18 ಕೋಟಿ ಮಾಡಿದ್ರು. ಮೂವತ್ತರ ಆಸುಪಾಸು ಆಟಗಾರರಿಗೆ ಹಂಚಿದ್ರೆ ತಲೆಗೆ 60 ಲಕ್ಷ ಬಂದಂಗೆ ಕಾಣುತ್ತೆ, ಆದ್ರೆ ಹಂಗೆ ಹಂಚಲ್ಲ ಯಾರೂ. ಆರು ಜನ ವಿದೇಶಿಯರಿಗೆ ದೊಡ್ಡ ಪಾಲು ಹೋಗುತ್ತೆ, ಆಮೇಲೆ ಟೀಮ್ ಇಂಡಿಯಾದ ನಾಲ್ಕೈದು ಹೆಸರಿಗೆ ಇನ್ನೊಂದು ಪಾಲು, ಉಳಿದ ಹುಡುಗ್ರಿಗೆ ಚೂರುಪಾರು.

ಈ ನಾಲ್ಕೈದು ಹೆಸರು ಯಾಕೆ ಅಷ್ಟು ತುಟ್ಟಿ ಅಂದ್ರೆ ಅದೇ ಮರಗಸಿ ಕತೆ. 2014ರಲ್ಲಿ ಲೀಗ್ ಶುರುವಾದಾಗ 11 ಜನರಲ್ಲಿ 6 ವಿದೇಶಿಯರು ಆಡ್ಬಹುದಿತ್ತು, ಡೆಲ್ ಪಿಯೆರೊ, ಪಿರೆಸ್, ಟ್ರೆಜೆಗೆ ಅಂತ ವಯಸ್ಸಾದ ಸ್ಟಾರ್‌ಗಳನ್ನ ಕರೆಸಿದ್ರು, ಟಿವಿಗೆ ಚಂದ, ತಪ್ಪೇನಿಲ್ಲ. 2017-18ಕ್ಕೆ ಅದು 5 ಆಯ್ತು, 2021-22ರಿಂದ 4. ಅಂದ್ರೆ ಈಗ ಪ್ರತಿ ಟೀಮಿಗೂ ಮೈದಾನದಲ್ಲಿ ಕಮ್ಮಿ ಅಂದ್ರೂ 7 ಜನ ಭಾರತೀಯರು ಬೇಕೇಬೇಕು, 2024-25ರಲ್ಲಿ 13 ಟೀಮು, ಗುಣಿಸಿ ನೋಡಿ, 91 ಜನ. ಬೇಡಿಕೆ ಹಂಗೆ ಏರ್ತು, ಆದ್ರೆ ಆ ಮಟ್ಟದಲ್ಲಿ ಆಡೋರ ಸಂಖ್ಯೆ ಅದರ ಹಿಂದೆ ಓಡ್ಲಿಲ್ಲ. ಕ್ಲಬ್‌ಗಳು ಸರದಿಯಲ್ಲಿ ಆಟಗಾರರನ್ನ ಆರಿಸ್ಕೊಳ್ಳೋ 2017ರ ಡ್ರಾಫ್ಟ್‌ನಲ್ಲೇ ನಮ್ಮ ಅನಾಸ್ ಎಡತೊಡಿಕ ಮತ್ತೆ ಯೂಜಿನ್‌ಸನ್ ಲಿಂಗ್ಡೋ ಇಬ್ರಿಗೂ ತಲಾ 1.10 ಕೋಟಿ ಬೆಲೆ ಇತ್ತು. ಈಗ ಕ್ಯಾಪ್ ತೆಗೆದ್ರಿ ಅಂತ ಇಟ್ಕೊಳ್ಳಿ, ಅದೇ ನಾಲ್ಕೈದು ಜನಕ್ಕೆ ಇನ್ನೂ ಜಾಸ್ತಿ ಸಿಗುತ್ತೆ, ಐದನೇ ಮರಗಸಿಯವನು ಹುಟ್ಕೊಳ್ಳಲ್ಲ.

ಕ್ಯಾಪ್ ಇದ್ರೆ ಎಲ್ಲಾ ಟೀಮೂ ಸಮ ಆಗುತ್ತೆ ಅಂತ ಇನ್ನೊಂದು ವಾದ ಇದೆ. ಲೀಗ್ ಪಟ್ಟಿಯಲ್ಲಿ ಮೊದಲು ಬಂದೋರಿಗೆ ಕೊಡೋ ಲೀಗ್ ಶೀಲ್ಡ್ ತಗೊಳ್ಳಿ, 2020-21ರಿಂದ 2024-25ರವರೆಗೆ ಐದು ಸಲದಲ್ಲಿ ಎರಡು ಮುಂಬೈ ಸಿಟಿ, ಎರಡು ಮೋಹನ್ ಬಗಾನ್, ಮಧ್ಯೆ ಒಂದು ಸಲ ಜಮ್‌ಶೆಡ್‌ಪುರ. ಅಷ್ಟೇ ಸಮ.

ನಂಗೆ ಇದಕ್ಕಿಂತ ಬೇಜಾರಾಗೋ ವಿಷ್ಯ ಬೇರೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ನಾಲ್ಕು ಜನ ವಿದೇಶಿಯರು ಅಂತ ರೂಲ್ ಮಾಡಿದ್ರು, ಆದ್ರೆ ಆ ನಾಲ್ಕು ಜನ ಎಲ್ಲಿ ಆಡ್ತಾರೆ? ಹೆಚ್ಚಿನ ಕೋಚ್‌ಗಳು ಒಂದು ಸ್ಟ್ರೈಕರ್, ಸ್ಟ್ರೈಕರ್ ಹಿಂದೆ ಒಬ್ಬ, ಮಿಡ್‌ಫೀಲ್ಡ್ ಮಧ್ಯಕ್ಕೊಬ್ಬ, ಸೆಂಟರ್ ಬ್ಯಾಕ್ ಒಬ್ಬ, ಹೀಗೆ ಬೆನ್ನುಮೂಳೆ ಪೂರ್ತಿ ಹೊರಗಿನವ್ರಿಗೆ ಕೊಡ್ತಾರೆ. ನಮ್ಮೋರು ವಿಂಗು, ಸೈಡ್ ಬ್ಯಾಕು, ಗೋಲ್‌ಕೀಪರ್. ಅಲ್ಲಿ ನಮ್ಮೋರು ಬೆಳೆದ್ರು ಕೂಡ, ಯಾಕಂದ್ರೆ ಆಡಿದ್ರು. ಗೋಲ್ ಹೊಡೆಯೋನು ಮಾತ್ರ ಬರ್ಲಿಲ್ಲ. ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ಕುವೈತ್ ಮೇಲೆ ಆಡಿ ದೇಶದ ಟೀಮಿಗೆ ಕೈ ಮುಗಿದು ಹೊರಟೋರು, 2025ರ ಮಾರ್ಚ್‌ನಲ್ಲಿ 40 ವರ್ಷಕ್ಕೆ ವಾಪಸ್ ಬರ್ಬೇಕಾಯ್ತು, ಬಂದೋರು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ಗೋಲೂ ಹೊಡೆದ್ರು. ನಾನು ಅವ್ರ ಭಕ್ತ, ಆವತ್ತು ಕಿರುಚಾಡಿದೀನಿ, ಪಕ್ಕದ ಮನೆಯವ್ರು ಎದ್ದು ಬಂದ್ರು. ಆದ್ರೆ ಹನ್ನೊಂದು ವರ್ಷ ಲೀಗ್ ನಡೆಸಿದ ಮೇಲೂ ಗೋಲಿಗೆ ಅವ್ರನ್ನೇ ವಾಪಸ್ ಕರೀಬೇಕು ಅಂದ್ರೆ ಖುಷಿ ಪಡ್ಬೇಕಾ ಅಳ್ಬೇಕಾ.

ಇದಕ್ಕೆ ಕ್ಯಾಪನ್ನೇ ಸ್ವಲ್ಪ ತಿರುಚಿ ಉಪಯೋಗಿಸ್ಬಹುದು, ಬೇರೆಯವ್ರು ಮಾಡಿದಾರೆ. ಇಂಗ್ಲೆಂಡ್‌ನಲ್ಲಿ 2020ರಲ್ಲಿ ಮೂರನೇ ನಾಲ್ಕನೇ ದರ್ಜೆ ಲೀಗಿಗೆ ಕ್ಯಾಪ್ ತಂದಿದ್ರು, ಲೀಗ್ ಒನ್‌ಗೆ 25 ಲಕ್ಷ ಪೌಂಡ್, ಲೀಗ್ ಟೂಗೆ 15 ಲಕ್ಷ ಪೌಂಡ್, ಆದ್ರೆ 21 ವರ್ಷದೊಳಗಿನ ಹುಡುಗ್ರ ಸಂಬಳ ಆ ಲೆಕ್ಕಕ್ಕೇ ಬರ್ತಿರ್ಲಿಲ್ಲ. ಅಂದ್ರೆ ಹುಡುಗನನ್ನ ಇಟ್ಕೊಂಡ್ರೆ ಕ್ಲಬ್‌ಗೆ ಲಾಭ. ಆಟಗಾರರ ಸಂಘ ಒಪ್ಪದೆ ಜಗಳಕ್ಕೆ ಹೋಯ್ತು, 2021ರ ಫೆಬ್ರವರಿಯಲ್ಲಿ ಕ್ಯಾಪ್ ಬಿದ್ದೋಯ್ತು, ಅದು ಬೇರೆ ವಿಷ್ಯ, ಐಡಿಯಾ ಮಾತ್ರ ನಂಗೆ ಇಷ್ಟ. ಅಮೆರಿಕದ ಫುಟ್‌ಬಾಲ್ ಲೀಗ್ ಎಂಎಲ್‌ಎಸ್ ಅಂತೂ ಕ್ಯಾಪ್‌ನಲ್ಲಿ ತೂತು ಕೊರೆಯೋದ್ರಲ್ಲಿ ಎತ್ತಿದ ಕೈ. 2007ರಲ್ಲಿ ಬೆಕ್‌ಹ್ಯಾಮ್‌ಗೋಸ್ಕರ ಒಂದು ತೂತು, ಸ್ಟಾರ್ ಸಂಬಳ ಎಷ್ಟೇ ಇದ್ರೂ ಕ್ಯಾಪ್‌ಗೆ ಒಂದು ಭಾಗ ಮಾತ್ರ ಬರೆದ್ರೆ ಸಾಕು ಅಂತ. ಅಲ್ಲಿಗೆ ನಿಲ್ಸಿದ್ರೆ ನಮ್ಮ 2014 ತರ ಆಗಿರೋದು, ಆದ್ರೆ ಅವ್ರು ಮುಂದಿನ ವರ್ಷನೇ ಹೋಮ್‌ಗ್ರೋನ್ ರೂಲ್ ತಂದ್ರು, ತನ್ನದೇ ಅಕಾಡೆಮಿಯಲ್ಲಿ ಬೆಳೆಸಿದ ಹುಡುಗನನ್ನ ಕ್ಲಬ್ ನೇರ ಸೈನ್ ಮಾಡ್ಕೋಬಹುದು, ಡ್ರಾಫ್ಟ್‌ಗೆ ಬಿಟ್ಟುಕೊಡ್ಬೇಕಿಲ್ಲ. ಅದೇ ಲೀಗಿನ ವ್ಯಾಂಕೋವರ್ ಕ್ಲಬ್ ಅಲ್ಫಾನ್ಸೊ ಡೇವಿಸ್ ಅನ್ನೋ ಹುಡುಗನನ್ನ ಹಂಗೇ ಬೆಳೆಸಿ 2018ರಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್‌ಗೆ ಆಗಿನ ಲೀಗ್ ದಾಖಲೆ ಬೆಲೆಗೆ ಮಾರ್ತು. ಕಲಿಸಿದ ತೋಟಕ್ಕೇ ದುಡ್ಡು ಬಂತು ನೋಡಿ.

ನಮ್ಮಲ್ಲಿ ಏನೂ ಮಾಡಿಲ್ಲ ಅಂತಲ್ಲ. 2017ರ ಅಂಡರ್ 17 ವಿಶ್ವಕಪ್ ಆದ್ಮೇಲೆ ಆ ಹುಡುಗ್ರನ್ನ ಇಂಡಿಯನ್ ಆರೋಸ್ ಅಂತ ಟೀಮ್ ಮಾಡಿ ದೇಶದ ಇನ್ನೊಂದು ದೊಡ್ಡ ಲೀಗ್ ಆದ ಐ-ಲೀಗ್‌ನಲ್ಲಿ ಆಡ್ಸಿದ್ರು, ಸೋಲ್ತಿದ್ರು, ಪರ್ವಾಗಿಲ್ಲ, ಪ್ರತಿ ವಾರ ದೊಡ್ಡೋರ ಮೇಲೆ ಆಡ್ತಿದ್ರಲ್ಲ. ನಮ್ಮ ಬಿಎಫ್‌ಸಿಯ ಸುರೇಶ್ ವಾಂಗ್‌ಜಮ್ ಅಲ್ಲಿಂದ ಬಂದೋನು. 2022ರಲ್ಲಿ ಅದನ್ನ ಮುಚ್ಚಿದ್ರು, ಅದೇ ವರ್ಷ ಹುಡುಗ್ರಿಗಂತಲೇ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಶುರುವಾಯ್ತು, ಮೊದಲ ಸಲ ಬಿಎಫ್‌ಸಿ ಹುಡುಗ್ರೇ ಗೆದ್ರು. ಆದ್ರೆ ಆ ಮೊದಲ ವರ್ಷ ಒಂದು ಟೀಮಿಗೆ ಬರೀ 7 ಮ್ಯಾಚು. ನಮ್ಮ ಹುಡುಗ್ರು ಮಳೆಗಾಲದಲ್ಲಿ ಕೆಸರಲ್ಲಿ ಅದಕ್ಕಿಂತ ಜಾಸ್ತಿ ಆಡ್ತಾರೆ, ಸತ್ಯ.

ಐಎಸ್‌ಎಲ್‌ನಿಂದ ಕೆಳಗೆ ಬೀಳೋ ಭಯನೂ ಇರ್ಲಿಲ್ಲ ಕ್ಲಬ್‌ಗಳಿಗೆ, 2024-25ರವರೆಗೆ ರೆಲೆಗೇಶನ್ ಇರ್ಲಿಲ್ಲ. ಹಾಗಿದ್ರೆ ಕೊನೇ ಸ್ಥಾನದಲ್ಲಿರೋ ಟೀಮು ಕೊನೇ ಐದು ಮ್ಯಾಚಲ್ಲಿ ಪೂರ್ತಿ ಹುಡುಗ್ರನ್ನೇ ಇಳಿಸ್ಬಹುದಿತ್ತಲ್ಲ? ಹೆಚ್ಚಿನೋರು ಇಳಿಸ್ಲಿಲ್ಲ. ಯಾಕಂದ್ರೆ ಕ್ಲಬ್ ಕೆಳಗೆ ಬೀಳದಿದ್ರೂ ಕೋಚ್ ಕೆಲಸ ಬೀಳುತ್ತೆ. ನಾನೇ ಕೋಚ್ ಆಗಿದ್ರೂ ಅದೇ ಮಾಡ್ತಿದ್ನೇನೋ.

ಮತ್ತೆ ಈ ಲೀಗ್ ಗಟ್ಟಿ ಅಂತ ನಂಬ್ಕೊಂಡು ಕೂರ್ಬೇಡಿ. 2010ರಲ್ಲಿ ದೇಶದ ಫುಟ್‌ಬಾಲ್ ಫೆಡರೇಶನ್ ಮತ್ತೆ ಐಎಂಜಿ-ರಿಲಯನ್ಸ್ ಕಂಪನಿ 15 ವರ್ಷಕ್ಕೆ ಮಾಡ್ಕೊಂಡ 700 ಕೋಟಿಯ ಒಪ್ಪಂದ 2025ರ ಡಿಸೆಂಬರ್‌ಗೆ ಮುಗೀತಿತ್ತು, ಮುಂದೆ ಏನು ಅಂತ ತೀರ್ಮಾನ ಆಗ್ದೆ ಜುಲೈನಲ್ಲೇ ಸೀಸನ್ ತಡೆ ಹಿಡಿದ್ರು. ಒಪ್ಪಂದ ಇರೋ ದೊಡ್ಡ ಆಟಗಾರರೇ ಸಂಬಳ ಎಲ್ಲಿಂದ ಬರುತ್ತೆ ಅಂತ ಕೂತಿದ್ರು. ಕ್ಯಾಪ್ ಅಂದ್ರೆ ಛಾವಣಿ, ಇಲ್ಲಿ ನೆಲಾನೇ ಅಲ್ಲಾಡ್ತಿತ್ತು.

ಈಗ ನಿಮ್ಮ ಅಕ್ಕನ ಮಗ. ಕಳ್ಸಿ, ಆದ್ರೆ ಶಾಲೆ ಬಿಡಿಸ್ಬೇಡಿ. ಸ್ಟ್ರೈಕರ್ ಆಗಿದ್ರೆ ಖುಷಿಪಡಿ, ಊರಿಗೆಲ್ಲ ಅದೇ ಬರ. ದೊಡ್ಡ ಕ್ಲಬ್ ಹೆಸರಿನ ಅಕಾಡೆಮಿ ಅಂತ ಫೀಸ್ ಕಟ್ಟೋ ಮುಂಚೆ ಒಂದೇ ಪ್ರಶ್ನೆ ಕೇಳಿ, ವರ್ಷಕ್ಕೆ ಎಷ್ಟು ಮ್ಯಾಚ್ ಆಡಿಸ್ತೀರಿ. ಪ್ರಾಕ್ಟೀಸ್ ಅಲ್ಲ, ಮ್ಯಾಚು. ಹಾಸನ, ಚಿಕ್ಕಮಗಳೂರು ಮೈದಾನದಲ್ಲಿ ಅದಕ್ಕೆ ಉತ್ತರ ಚಿಕ್ಕದೇ ಇರುತ್ತೆ, ಒಂದು ಹಂತ ಆದ್ಮೇಲೆ ಬೆಂಗಳೂರಿನ ಬಿಡಿಎಫ್‌ಎ (ಜಿಲ್ಲಾ ಫುಟ್‌ಬಾಲ್ ಸಂಸ್ಥೆ) ಲೀಗಿಗೆ ಹೋಗದೆ ವಿಧಿಯಿಲ್ಲ.

ಇನ್ನೊಂದು, ಎಐಎಫ್‌ಎಫ್, ಅಂದ್ರೆ ದೇಶದ ಫುಟ್‌ಬಾಲ್ ಫೆಡರೇಶನ್, ಆಟಗಾರರ ಹೆಸರು ನೋಂದಾಯಿಸೋ ಸಿಆರ್‌ಎಸ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ಅವನ ಹೆಸರು ಸರಿಯಾದ ಕ್ಲಬ್ ಹೆಸರಲ್ಲಿ ರಿಜಿಸ್ಟರ್ ಆಗಿದೆಯಾ ನೋಡಿ. ಫಿಫಾ ರೂಲ್ ಪ್ರಕಾರ ಆಟಗಾರ ಬೇರೆ ದೇಶದ ಕ್ಲಬ್‌ಗೆ ದುಡ್ಡಿಗೆ ಹೋದಾಗ ಆ ದುಡ್ಡಲ್ಲಿ 5 ಪರ್ಸೆಂಟ್ ಅವನನ್ನ 12ರಿಂದ 23 ವರ್ಷದವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚ್ಬೇಕು, 12ರಿಂದ 15ರ ತನಕ ವರ್ಷಕ್ಕೆ ಕಾಲು ಪರ್ಸೆಂಟ್, ಆಮೇಲೆ ಅರ್ಧ. ಒಂದು ಕೋಟಿಗೆ ಹೋದ ಅಂದ್ರೆ ಆ ಮೊದಲ ನಾಲ್ಕು ವರ್ಷ ಇಟ್ಕೊಂಡ ಸಣ್ಣ ಕ್ಲಬ್‌ಗೆ ಒಂದು ಲಕ್ಷ. ನಮ್ಮಂಥೋರಿಗೆ ಅದು ಐದು ವರ್ಷದ ಬಾಲು, ಬೂಟು, ಟೆಂಪೋ ಬಾಡಿಗೆ. ಆದ್ರೆ ಕಾಗದ ಇರ್ಬೇಕು.

ನಂಗೆ ಇದು ಗೊತ್ತಿರ್ಲಿಲ್ಲ. ನಮ್ಮ ಲೈನ್ ಮನೆ ಹುಡುಗ ಒಬ್ಬ, ಹತ್ತನೇ ವಯಸ್ಸಿಂದ ನಮ್ಮ ಜೊತೆ ಆಡಿದೋನು, 15ಕ್ಕೆ ಬೆಂಗಳೂರಲ್ಲಿ ಒಂದು ಕ್ಲಬ್‌ಗೆ ಸೇರ್ದ. ಅಲ್ಲಿ ಫಾರ್ಮ್‌ನಲ್ಲಿ ಹಿಂದಿನ ಕ್ಲಬ್ ಅಂತ ಇದ್ದ ಜಾಗದಲ್ಲಿ "ಇಲ್ಲ" ಅಂತ ಬರೆದ್ರಂತೆ. ಅವ್ರದ್ದೇನು ತಪ್ಪು, ನಮಗೆ ಒಂದು ಹೆಸರೂ ಇರ್ಲಿಲ್ಲ. ಈಗ ಕೂಲಿ ಹಾಜರಿ ಪುಸ್ತಕದ ಪಕ್ಕದಲ್ಲೇ ಇನ್ನೊಂದು ಪುಸ್ತಕ ಇಟ್ಟಿದೀನಿ, ಭಾನುವಾರ ಯಾರು ಬಂದ್ರು, ಎಷ್ಟು ನಿಮಿಷ ಆಡಿದ್ರು, ಹುಟ್ಟಿದ ತಾರೀಕು, ಎಲ್ಲಾ. ಕ್ಲಬ್ ರಿಜಿಸ್ಟ್ರೇಶನ್‌ಗೆ ಓಡಾಡ್ತಿದೀನಿ, ಕುಯ್ಲು ಮುಗಿದ್ಮೇಲೆ ಮತ್ತೆ ಚಿಕ್ಕಮಗಳೂರಿಗೆ ಹೋಗ್ಬೇಕು.