ಒಟ್ಟಾವಾದಲ್ಲಿ ವಿಂಟರ್ ಟೈರ್ ಹಾಕಿಸಲೇಬೇಕಾ?

ನಮಸ್ಕಾರ. ನೀವು ದಾವಣಗೆರೆಯಿಂದ ಜುಲೈನಲ್ಲಿ ಕೆನಡಾದ ಒಟ್ಟಾವಾಕ್ಕೆ ಬಂದಿದ್ದೀರಿ. ಹಳೆಯ ಕರೊಲಾ ತಗೊಂಡಿದ್ದೀರಿ, ಅದರ ಆಲ್ ಸೀಸನ್ ಟೈರ್ ಇನ್ನೂ ಚೆನ್ನಾಗಿವೆ. ದಿನಾ ಮಗಳನ್ನು ಡೇಕೇರ್‌ಗೆ ಬಿಟ್ಟು ಕನಾಟಾಗೆ ಕೆಲಸಕ್ಕೆ ಹೋಗಬೇಕು. ಆಫೀಸಿನವರೊಬ್ಬರು "ವಿಂಟರ್ ಟೈರ್ ದುಡ್ಡು ದಂಡ, ನಿಧಾನ ಓಡಿಸಿದರೆ ಸಾಕು" ಅಂದಿದ್ದಾರೆ. ಏನು ಮಾಡಲಿ ಅಂತ ಕೇಳಿದ್ದೀರಿ.

ತಗೊಳ್ಳಿ. ಎರಡಲ್ಲ, ನಾಲ್ಕೂ ತಗೊಳ್ಳಿ.

ನನಗೂ ಮೊದಲ ವರ್ಷ ಇದೇ ಮಾತು ಹೇಳಿದ್ದರು. ನಾನು ತೀರ್ಥಹಳ್ಳಿ ಕಡೆಯವನು. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದು ಅಭ್ಯಾಸ ಇತ್ತು, ಹಾಗಾಗಿ ನಿಧಾನ ಹೋದರೆ ಆಯಿತು ಅಂದುಕೊಂಡಿದ್ದೆ. ಡಿಸೆಂಬರ್‌ನ ಒಂದು ಬೆಳಗ್ಗೆ. ಹಿಮ ಬೀಳುತ್ತಿರಲಿಲ್ಲ. ರಸ್ತೆ ಕಪ್ಪಗೆ, ಬರೀ ಒದ್ದೆಯಾದ ಹಾಗೆ ಕಾಣುತ್ತಿತ್ತು. ಸಣ್ಣ ಇಳಿಜಾರು, ಮುಂದೆ ಕೆಂಪು ಸಿಗ್ನಲ್. ಸ್ಪೀಡು 30 ಕೂಡ ಇರಲಿಲ್ಲ. ಬ್ರೇಕ್ ಒತ್ತಿದೆ. ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಕಾಲಡಿ ಕರಕರ ಅಂತ ಸದ್ದು ಮಾಡಿತು, ಕಾರು ಮಾತ್ರ ನಿಲ್ಲಲಿಲ್ಲ. ಒದ್ದೆ ಅಂದುಕೊಂಡಿದ್ದು ತೆಳ್ಳಗಿನ ಮಂಜುಗಡ್ಡೆ. ಜಾರಿಕೊಂಡು ಸರ್ಕಲ್ ಮಧ್ಯಕ್ಕೇ ಹೋಗಿ ನಿಂತಿತು. ಎಡಗಡೆಯಿಂದ ಬರುತ್ತಿದ್ದ ಟ್ರಕ್ಕಿನವರು ದೂರದಿಂದಲೇ ನೋಡಿ ನಿಲ್ಲಿಸಿದರು. ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಆ ಒಂದೆರಡು ಸೆಕೆಂಡು ನನಗೆ ಇವತ್ತಿಗೂ ನೆನಪಿದೆ. ಅದೇ ಶನಿವಾರ ಹೋಗಿ ಟೈರ್ ಹಾಕಿಸಿದೆ.

ನಾನು ಅಂದುಕೊಂಡಿದ್ದು ವಿಂಟರ್ ಟೈರ್ ಹಿಮ ಬಿದ್ದ ದಿನಕ್ಕೆ ಮಾತ್ರ ಅಂತ. ಹಾಗಲ್ಲ, ಅದು ಚಳಿಗೆ. ನಮ್ಮ ಕಡೆ ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ವಾ? ರಬ್ಬರೂ ಚಳಿಗೆ ಬಿಗಿಯುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಇಳಿದರೆ ಮಾಮೂಲಿ ಟೈರಿನ ರಬ್ಬರು ಪೆಡಸಾಗುತ್ತಾ ಹೋಗುತ್ತದೆ, ರಸ್ತೆಯನ್ನು ಕಚ್ಚಿ ಹಿಡಿಯುವುದಿಲ್ಲ. ವಿಂಟರ್ ಟೈರಿನ ರಬ್ಬರನ್ನು ಬೇರೆ ಹದದಲ್ಲಿ ಮಾಡಿರುತ್ತಾರೆ, ಮೈನಸ್ 20ರಲ್ಲೂ ಮೆತ್ತಗೇ ಇರುತ್ತದೆ. ಅದರ ಮೇಲೆ ಬ್ಲೇಡಿನಿಂದ ಗೀರಿದ ಹಾಗೆ ಸಾವಿರಾರು ಸಣ್ಣ ಸೀಳುಗಳೂ ಇರುತ್ತವೆ. ಹಿಮವನ್ನೂ ಮಂಜುಗಡ್ಡೆಯನ್ನೂ ಹಿಡಿಯುವುದು ಆ ಸೀಳಿನ ಅಂಚುಗಳು. ಒಟ್ಟಾವಾದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚಿನ ದಿನ 7 ಡಿಗ್ರಿ ದಾಟುವುದೇ ಇಲ್ಲ. ಅಂದರೆ ಅಷ್ಟೂ ತಿಂಗಳು ನಿಮ್ಮ ಆಲ್ ಸೀಸನ್ ಟೈರ್ ಪೆಡಸಾಗಿಯೇ ಓಡುತ್ತಿರುತ್ತದೆ, ಬಟನ್, ಅಂದರೆ ಟೈರಿನ ಮೇಲಿನ ಉಬ್ಬುತಗ್ಗಿನ ಅಚ್ಚು, ಎಷ್ಟೇ ಚೆನ್ನಾಗಿರಲಿ.

"ನಾಲ್ಕೂ ಚಕ್ರಕ್ಕೆ ಪವರ್ ಇರುವ ಎಸ್‌ಯುವಿ ಇದ್ದರೆ ಬೇಡ" ಅಂತಲೂ ಯಾರಾದರೂ ಹೇಳುತ್ತಾರೆ. ಅದು ಗಾಡಿ ಹೊರಡುವುದಕ್ಕೆ ಸಹಾಯ ಮಾಡುತ್ತದೆ. ನಿಲ್ಲಿಸುವುದು ಟೈರ್. ನಿಮ್ಮ ಕರೊಲಾದಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರ, ಹಾಗಂತ ಮುಂದೆ ಎರಡೇ ಹಾಕಿಸಿದರೆ ಇನ್ನೂ ಅಪಾಯ. ಮುಂದೆ ಹಿಡಿತ, ಹಿಂದೆ ಜಾರಿಕೆ. ತಿರುವಿನಲ್ಲಿ ಹಿಂಭಾಗ ಎಳೆದುಕೊಂಡು ಹೋಗಿ ಕಾರು ಗಿರಕಿ ಹೊಡೆಯುತ್ತದೆ.

ಕಾನೂನು ನೋಡಿದರೆ ಒಟ್ಟಾವಾ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಕಡ್ಡಾಯ ಇಲ್ಲ. ಸೇತುವೆ ದಾಟಿದರೆ ಸಿಗುವ ಗ್ಯಾಟಿನೋ ಊರು ಕ್ವಿಬೆಕ್ ಪ್ರಾಂತ್ಯಕ್ಕೆ ಸೇರಿದ್ದು. ಅಲ್ಲಿ ನೋಂದಣಿಯಾದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. ನದಿಯ ಎರಡೂ ದಡದಲ್ಲಿ ಬೀಳುವ ಹಿಮ ಒಂದೇ!

ಈಗ ದುಡ್ಡಿನ ಮಾತು. ನನಗೆ ನಾಲ್ಕು ಟೈರ್, ನಾಲ್ಕು ಸ್ಟೀಲ್ ರಿಮ್ ಸೇರಿ ಸುಮಾರು 1,100 ಡಾಲರ್ ಆಯಿತು. ಹೊಸದಾಗಿ ಬಂದವರಿಗೆ ಇದು ಸಣ್ಣ ಮೊತ್ತ ಅಲ್ಲ, ನನಗೆ ಗೊತ್ತು. ಆದರೆ ಆ ಸೆಟ್ ಐದು ಚಳಿಗಾಲ ಬಂತು. ಆ ತಿಂಗಳುಗಳಲ್ಲಿ ಬೇಸಿಗೆಯ ಟೈರ್ ಗ್ಯಾರೇಜಿನಲ್ಲಿ ಸುಮ್ನೆ ಇರುತ್ತದೆ, ಸವೆಯುವುದಿಲ್ಲ. ಜೊತೆಗೆ ಒಂಟಾರಿಯೊದಲ್ಲಿ 2016ರಿಂದ ಇನ್ಶೂರೆನ್ಸ್ ಕಂಪನಿಗಳು ವಿಂಟರ್ ಟೈರಿಗೆ ರಿಯಾಯಿತಿ ಕೊಡಲೇಬೇಕು. ಅವರಾಗಿ ಹೇಳದೆ ಇರಬಹುದು, ನೀವೇ ಫೋನ್ ಮಾಡಿ ಕೇಳಿ, ಬಿಲ್ ಇಟ್ಟುಕೊಳ್ಳಿ. ರಿಮ್ ಬೇರೆ ತಗೊಳ್ಳುವುದು ಜಾಸ್ತಿ ಖರ್ಚು ಅನಿಸುತ್ತದೆ. ಆದರೆ ಪ್ರತಿ ಸಲ ರಿಮ್ಮಿನಿಂದ ಟೈರ್ ಕಳಚಿ ಕೂರಿಸುವುದು ತಪ್ಪುತ್ತದೆ, ಬದಲಾಯಿಸುವ ಕೂಲಿ ಕಡಿಮೆಯಾಗುತ್ತದೆ.

ನೀವು ಮನೆಯಿಂದಲೇ ಕೆಲಸ ಮಾಡುವವರಾಗಿದ್ದರೆ, ಹಿಮ ಬಿದ್ದ ದಿನ ಕಾರು ತೆಗೆಯದೆ ಇರಬಹುದಾಗಿದ್ದರೆ, ಅಥವಾ ವ್ಯಾಂಕೂವರ್‌ನಂಥ ಕಡಿಮೆ ಚಳಿಯ ಊರಿನಲ್ಲಿದ್ದರೆ, ಆಲ್ ವೆದರ್ ಟೈರ್ ಸಾಕು ಅನ್ನುತ್ತಿದ್ದೆ. ಆಲ್ ಸೀಸನ್ ಬೇರೆ, ಆಲ್ ವೆದರ್ ಬೇರೆ, ಅಂಗಡಿಯಲ್ಲಿ ಗೊಂದಲ ಮಾಡಿಕೊಳ್ಳಬೇಡಿ. ಆಲ್ ವೆದರ್ ಅನ್ನು ಚಳಿಗಾಲವೂ ಸೇರಿ ವರ್ಷವಿಡೀ ಹಾಕಬಹುದು. ಆದರೆ ಮಂಜುಗಡ್ಡೆಯ ಮೇಲೆ ಒಳ್ಳೆಯ ವಿಂಟರ್ ಟೈರಿನಷ್ಟು ಹಿಡಿತ ಇರುವುದಿಲ್ಲ. ದಿನಾ ಬೆಳಗ್ಗೆ ಹಿಂದಿನ ಸೀಟಿನಲ್ಲಿ ಮಗು ಕೂರಿಸಿಕೊಂಡು 417 ಹೈವೇ ಹತ್ತುವವರಿಗೆ ನಾನು ಅದನ್ನು ಹೇಳಲಾರೆ.

ಕೊಳ್ಳುವಾಗ ಟೈರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿಹ್ನೆ ನೋಡಿ. ಬರೀ ಎಂ ಪ್ಲಸ್ ಎಸ್ (ಮಡ್ ಆಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಂತ ಇದ್ದರೆ ಸಾಲದು. ಸೆಕೆಂಡ್ ಹ್ಯಾಂಡ್ ಆದರೆ ಬದಿಯಲ್ಲಿರುವ ನಾಲ್ಕಂಕಿ ಓದಿ. 3821 ಅಂದರೆ 2021ರ 38ನೇ ವಾರ ತಯಾರಾಗಿದ್ದು. ಬಟನ್ ಆಳ 4 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಚಳಿ ಏರಿದ ಹಾಗೆ ಗಾಳಿಯೂ ಇಳಿಯುತ್ತದೆ, ತಿಂಗಳಿಗೊಮ್ಮೆ ಚೆಕ್ ಮಾಡಿ. ಟೈರ್ ಹಾಕಿಸಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ವಾಪಸ್ ಹೋಗಿ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.

ಮೊದಲ ಹಿಮ ಬಿದ್ದ ದಿನ ಊರವರೆಲ್ಲ ಒಟ್ಟಿಗೆ ಅಂಗಡಿಗೆ ಫೋನ್ ಮಾಡುತ್ತಾರೆ, ಆಮೇಲೆ ವಾರಗಟ್ಟಲೆ ಕಾಯಬೇಕು. ಅಕ್ಟೋಬರ್‌ನಲ್ಲೇ ಬುಕ್ ಮಾಡಿ. ನಿಮ್ಮ ಕಾರಿನ ಟೈರ್ ಸೈಜ್ ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರ್ ಮೇಲಿದೆ. ಅದನ್ನು ಇಲ್ಲಿ ಬರೆದರೆ ಯಾವುದು ನೋಡಬಹುದು ಅಂತ ಹೇಳುತ್ತೇನೆ.